ಲೆ ಮಾನ್‌ಗೆ ಹುಟ್ಟಿದ ಗಾಡಿ, ಆಫೀಸಿಗೆ ಹೋಗುವ ದಾರಿ

ಫೋರ್ಡ್ ಜಿಟಿ40 ರೇಸಿಗಾಗಿಯೇ ಹುಟ್ಟಿದ ಗಾಡಿ. 1966ರಿಂದ 1969ರವರೆಗೆ ಫ್ರಾನ್ಸಿನ ಲೆ ಮಾನ್‌ನ 24 ಗಂಟೆ ರೇಸನ್ನು ಇದರ ವಂಶದ ಗಾಡಿಗಳೇ ಸತತವಾಗಿ ಗೆದ್ದವು. ಅಸಲಿ ಗಾಡಿಗೆ ಈಗ ಕೋಟಿ ಕೋಟಿ ಬೆಲೆ. ನನ್ನದು ಇಂಗ್ಲೆಂಡಿನಲ್ಲೇ ಕಿಟ್‌ನಿಂದ ಕಟ್ಟಿದ ರೆಪ್ಲಿಕಾ. ಫೈಬರ್‌ಗ್ಲಾಸ್ ಬಾಡಿ, ಬೆನ್ನ ಹಿಂದೆ ಸುಮಾರು 5 ಲೀಟರಿನ, ಎಂಟು ಸಿಲಿಂಡರಿನ ಫೋರ್ಡ್ ವಿ8 ಎಂಜಿನ್. ನಾನಿರುವುದು ಕೊವೆಂಟ್ರಿ ಹತ್ತಿರ. ಆಗಾಗ ಇದರಲ್ಲೇ ಆಫೀಸಿಗೆ ಹೋಗುತ್ತೇನೆ.

ಎಷ್ಟು ಸ್ಪೀಡ್ ಹೋಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಆದರೆ ನನಗೆ ಜಾಸ್ತಿ ಕೆಲಸ ಕೊಡುವುದು ಗಾಡಿ ನಿಂತಾಗ. ರೇಡಿಯೇಟರ್ ಮೂತಿಯಲ್ಲಿದೆ, ಎಂಜಿನ್ ಹಿಂದಿದೆ. ಕುದಿಯುವ ನೀರಿನ ಪೈಪುಗಳು ಎರಡು ಸೀಟಿನ ನಡುವೆಯೇ ಹಾದುಹೋಗುತ್ತವೆ. ರೇಸಿನಲ್ಲಿ ಗಾಳಿ ನುಗ್ಗುತ್ತಲೇ ಇರುತ್ತದೆ. ರೌಂಡಬೌಟ್ ಮುಂದಿನ ಗಾಡಿಗಳ ಸಾಲಿನಲ್ಲಿ ಅದು ಎಲ್ಲಿಂದ ಬರಬೇಕು? ಕಿಟಕಿ ಇಳಿಸೋಣ ಅಂದರೆ ತೆರೆಯುವುದು ಒಂದು ಸಣ್ಣ ತುಂಡು ಮಾತ್ರ. ಪೈಪುಗಳಿಗೆಲ್ಲ ಶಾಖ ತಡೆಯುವ ಪಟ್ಟಿ ಸುತ್ತಿಸಿದೆ. ರೇಡಿಯೇಟರಿಗೆ ಎರಡು ದೊಡ್ಡ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿ, ಕೈಯಳತೆಯಲ್ಲಿ ಸ್ವಿಚ್ ಇಡಿಸಿಕೊಂಡೆ. ಮುಂದೆ ಸಾಲು ಕಂಡ ಕೂಡಲೇ ಫ್ಯಾನ್ ಹಾಕುತ್ತೇನೆ. ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರಿದ ಮೇಲೆ ಹಾಕಿದರೆ ಅದು ಇಳಿಯುವುದು ತುಂಬಾ ನಿಧಾನ.

ಇಂಥ ಗಾಡಿ ಕೊಳ್ಳುವವರಿಗೆ ನಾನು ಮೊದಲು ಹೇಳುವುದು ಬ್ರೇಕ್ ಪ್ಯಾಡಿನ ವಿಷಯ. ರೇಸ್ ಪ್ಯಾಡ್ ಕಾದ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಚಳಿಯ ಬೆಳಿಗ್ಗೆ ಮನೆ ಪಕ್ಕದ ಜಂಕ್ಷನ್‌ನಲ್ಲಿ ಅದು ಕಾದಿರುವುದಿಲ್ಲ. ನನ್ನ ಗಾಡಿಯಲ್ಲಿ ಬ್ರೇಕ್ ಒತ್ತಲು ನೆರವಾಗುವ ಸರ್ವೋ ಇಲ್ಲ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ, ಇರುವುದು ಕಾಲಿನ ಬಲ ಅಷ್ಟೇ. ಹಾಗಾಗಿ ರಸ್ತೆಯ ಪ್ಯಾಡ್ ಹಾಕಿಸಿದೆ. ಲ್ಯಾಪ್ ಟೈಮ್ ಲೆಕ್ಕ ಇಲ್ಲಿ ಯಾರಿಗೆ ಬೇಕು, ಅಲ್ವಾ?

ಹೆಸರಿನ 40 ಅಂದರೆ ಎತ್ತರ, 40 ಇಂಚು. ಒಂದು ಮೀಟರಿಗೆ ಸ್ವಲ್ಪ ಜಾಸ್ತಿ. ಇಲ್ಲಿನ ರಸ್ತೆ ಹಂಪುಗಳು 100 ಮಿಲಿಮೀಟರ್‌ವರೆಗೂ ಇರಬಹುದು. ಸಸ್ಪೆನ್ಷನ್ ಸ್ವಲ್ಪ ಎತ್ತರಿಸಿದ್ದೇನೆ. ಆದರೂ ಕಡಿದಾದ ಹಂಪನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟುತ್ತೇನೆ. ಲಾರಿ ಡ್ರೈವರಿಗೆ ನಾನು ಕಾಣುವುದೇ ಇಲ್ಲ ಅಂದುಕೊಂಡೇ ಓಡಿಸುತ್ತೇನೆ, ಲಾರಿಯ ಪಕ್ಕದಲ್ಲಿ ಒಂದು ಕ್ಷಣವೂ ಉಳಿಯುವುದಿಲ್ಲ. ಒಳಗಿನ ಕನ್ನಡಿಯಲ್ಲಿ ರಸ್ತೆಗಿಂತ ಎಂಜಿನ್ನೇ ಚೆನ್ನಾಗಿ ಕಾಣುತ್ತದೆ. ಅದಕ್ಕೆ ಹಿಂದೆ ಕ್ಯಾಮೆರಾ ಕೂರಿಸಿದೆ. ಓರೆ ಜಂಕ್ಷನ್ ಬಂದರೆ ಗಾಡಿಯನ್ನು ಎದುರಿನ ರಸ್ತೆಗೆ ನೇರ ಅಡ್ಡಕ್ಕೆ ತಿರುಗಿಸಿ ನಿಲ್ಲಿಸುತ್ತೇನೆ. ಆಗ ಪಕ್ಕದ ಗಾಜಿನಲ್ಲಿ ಎರಡೂ ಕಡೆ ಕಾಣುತ್ತದೆ.

ಬಾಗಿಲು ಚಾವಣಿಯ ಒಂದು ಭಾಗವನ್ನೂ ಜೊತೆಗೇ ಎಳೆದುಕೊಂಡು ತೆರೆಯುತ್ತದೆ. ರೇಸಿನಲ್ಲಿ ಬೇಗ ಒಳಗೆ ಹಾರಲು ಅದು ಸರಿ, ಸೂಪರ್‌ಮಾರ್ಕೆಟ್ ಪಾರ್ಕಿಂಗಿನಲ್ಲಿ ಅದಕ್ಕೆ ಜಾಗವೇ ಸಾಲದು. ಕೊನೆಯ ಮೂಲೆ ಹುಡುಕಿ ನಿಲ್ಲಿಸಿ, ನಡೆದು ಬರುತ್ತೇನೆ. 2021ರಿಂದ ಇಲ್ಲಿನ ಸಾಮಾನ್ಯ ಪೆಟ್ರೋಲ್ ಇ10 ಆಗಿದೆ, ಅಂದರೆ ಶೇಕಡಾ 10ರವರೆಗೆ ಎಥನಾಲ್ ಬೆರೆಸಿದ್ದು. ನಾನು ಶೇಕಡಾ 5ರವರೆಗೆ ಮಾತ್ರ ಎಥನಾಲ್ ಇರುವ ಇ5 ಹಾಕುವುದು, ಪೆಟ್ರೋಲ್ ಹೋಸುಗಳನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿದ್ದೇನೆ.

ಪವರ್ ಸ್ಟಿಯರಿಂಗ್ ಹಾಕಿಸಿಕೊಳ್ಳಿ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ವಾರ್ವಿಕ್‌ಶೈರಿನ ಫಾಸ್ ವೇ ರೋಮನ್ನರ ಕಾಲದ ರಸ್ತೆ, ಮೈಲಿಗಟ್ಟಲೆ ನೇರ. ಅಲ್ಲಿ ಡಾಂಬರಿನ ಒಂದೊಂದು ತೇಪೆಯೂ ಬೆರಳಿಗೆ ತಿಳಿಯುತ್ತದೆ. ಅದಕ್ಕಾಗಿಯೇ ಅಲ್ಲವೇ ಈ ಗಾಡಿ ಇಟ್ಟುಕೊಂಡಿರುವುದು? ರಸ್ತೆಗೆ ಬೇಕಾದ್ದನ್ನು ಸೇರಿಸಬೇಕು, ಈ ಸುಖವನ್ನು ಮುಟ್ಟಬಾರದು. ಇನ್ನು ಮಳೆಯಲ್ಲಿ ಮುಂದಿನ ಗಾಜಿಗೆ ಮಂಜು ಕಟ್ಟುವುದೊಂದು ಬಾಕಿ ಇದೆ. ಚಳಿಗಾಲಕ್ಕೆ ಮುಂಚೆ ಕರೆಂಟಿನಿಂದ ಕಾಯುವ ಗಾಜು ಹಾಕಿಸಬೇಕು.