ಹಾವು ಕಂಡಾಗ ಕೋಲು ಹುಡುಕಬೇಡಿ, ಫೋನ್ ಹುಡುಕಿ

ಪುಣೆಯಲ್ಲಿ ಮಳೆ ಹಿಡಿಯಿತು ಅಂದರೆ ಕಾತ್ರಜ್, ಆಂಬೇಗಾಂವ್, ಧಾಯರಿ, ಬಾವ್ಧನ್, ಉಂಡ್ರಿ ಕಡೆಯ ಸೊಸೈಟಿಗಳ ವಾಟ್ಸಾಪ್ ಗ್ರೂಪಿನಲ್ಲಿ ಹಾವಿನ ಫೋಟೋ ಬರಲು ಶುರುವಾಗುತ್ತದೆ. ಇದರಲ್ಲಿ ಆಶ್ಚರ್ಯ ಏನಿಲ್ಲ. ನಿನ್ನೆ ಮೊನ್ನೆವರೆಗೂ ಹೊಲ, ಗುಡ್ಡ ಇದ್ದ ಜಾಗದಲ್ಲೇ ನಮ್ಮ ಕಟ್ಟಡ ಎದ್ದಿವೆ. ಬಿಲಕ್ಕೆ ನೀರು ನುಗ್ಗಿದರೆ ಹಾವು ಒಣ ಜಾಗ ಹುಡುಕಿಕೊಂಡು ಹೊರಡುತ್ತದೆ, ಇಲಿ ಇರುವ ಕಡೆ ಹೋಗುತ್ತದೆ, ಇಲಿ ನಮ್ಮ ಕಸದ ಹತ್ತಿರ ಇರುತ್ತದೆ. ಈ ಕಟ್ಟಡಗಳನ್ನು ಕಟ್ಟಲು ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದ ನಮ್ಮ ಜನ ಪಕ್ಕದಲ್ಲೇ ತಗಡಿನ ಶೆಡ್ಡಿನಲ್ಲಿ ನೆಲದ ಮೇಲೆ ಮಲಗುತ್ತಾರೆ. ಎಲ್ಲರಿಗಿಂತ ಜಾಸ್ತಿ ಅಪಾಯ ಅವರಿಗೇ. ಇದನ್ನು ಓದಿದವರು ದಯವಿಟ್ಟು ಅವರಿಗೂ ಹೇಳಿ.

ಹಾವು ಕಣ್ಣಿಗೆ ಬಿದ್ದ ಕೂಡಲೇ

ಮೊದಲು ನಿಂತಲ್ಲೇ ನಿಲ್ಲಿ. ಆಮೇಲೆ ನಿಧಾನವಾಗಿ ಹಿಂದೆ ಸರಿಯಿರಿ. ಆರೇಳು ಅಡಿ ದೂರ ಸಿಕ್ಕರೆ ಸಾಕು, ಅಷ್ಟು ದೂರದಿಂದ ಅದು ನಿಮ್ಮ ಮೇಲೆ ಹಾರಿ ಬರುವುದಿಲ್ಲ. ಮಕ್ಕಳನ್ನೂ ನಾಯಿಯನ್ನೂ ಬೇರೆ ಕೋಣೆಗೆ ಕಳಿಸಿ. ಒಬ್ಬರು ಮಾತ್ರ ದೂರದಿಂದ ಅದರ ಮೇಲೆ ಕಣ್ಣಿಟ್ಟಿರಿ. ಈ ಕೆಲಸ ಬಹಳ ಮುಖ್ಯ, ಯಾಕೆಂದರೆ ಎಲ್ಲರೂ ಓಡಿಹೋದ ಮೇಲೆ "ಇಲ್ಲೇ ಎಲ್ಲೋ ಇತ್ತು" ಅಂದರೆ ಹಿಡಿಯಲು ಬಂದವರು ಇಡೀ ಮನೆ ತಡಕಬೇಕಾಗುತ್ತದೆ, ರಾತ್ರಿಯೆಲ್ಲ ನಿಮಗೂ ನಿದ್ದೆ ಇರುವುದಿಲ್ಲ.

ಹಾವು ಕೋಣೆಯೊಳಗಿದ್ದರೆ ಲೈಟ್ ಹಾಕಿ, ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಹೊರಗಿನಿಂದ ಟವೆಲ್ ಒತ್ತಿಡಿ. ವಾಷಿಂಗ್ ಮಷೀನ್ ಹಿಂದೆ ಹೋದರೆ ಮಷೀನ್ ಎಳೆಯಲು ಹೋಗಬೇಡಿ. ಫಿನಾಯಿಲ್, ಸೀಮೆಎಣ್ಣೆ, ಆಸಿಡ್ ಏನನ್ನೂ ಎರಚಬೇಡಿ. ಹಾವಿಗೆ ನೋವಾಗುತ್ತದೆ, ಅದು ದಿಕ್ಕು ತಪ್ಪಿ ನಿಮ್ಮ ಕಡೆಗೇ ಬರಬಹುದು. ನಾಗರಹಾವು ಅಂತ ಬಟ್ಟಲಲ್ಲಿ ಹಾಲು ಹಿಡಿದುಕೊಂಡು ಹತ್ತಿರ ಹೋಗುವುದೂ ಬೇಡ. ಹಾಲು ಹಾವಿನ ಆಹಾರ ಅಲ್ಲ. ಭಕ್ತಿ ಇದ್ದರೆ ದೂರದಿಂದ ಕೈ ಮುಗಿಯಿರಿ.

ಈಗ ಫೋನ್. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926. ಹಾವು ಹಿಡಿಯುವವರನ್ನು ಇಲ್ಲಿ ಸರ್ಪಮಿತ್ರ ಅನ್ನುತ್ತಾರೆ, ಸಾಮಾನ್ಯವಾಗಿ ವಾಚ್‌ಮನ್ ಹತ್ತಿರ ಅವರ ನಂಬರ್ ಇರುತ್ತದೆ. ಇಲ್ಲದಿದ್ದರೆ ಇವತ್ತೇ ಹುಡುಕಿ ಗೇಟಿನ ಹತ್ತಿರ ಬರೆಸಿ. ಬಂದವರು ಹಾವಿನ ಬಾಲ ಹಿಡಿದು ಆಟ ಆಡಿಸಲು ಶುರು ಮಾಡಿದರೆ "ದಾದಾ, ಡಬ್ಬಿಗೆ ಹಾಕಿ" ಅಂತ ನೇರವಾಗಿ ಹೇಳಿ. ಸೆಲ್ಫಿ ಕೇಳಲೇಬೇಡಿ. ಆ ಶೋಕಿಗೆ ಎಷ್ಟೋ ಸರ್ಪಮಿತ್ರರೇ ಪ್ರಾಣ ಕಳೆದುಕೊಂಡಿದ್ದಾರೆ. ಹಾವು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ ಅನ್ನುವುದೂ ಗೊತ್ತಿರಲಿ. ಅದಕ್ಕಿಂತ ದೊಡ್ಡ ಮಾತು ಅಂದರೆ, ಹೊಡೆಯಲು ಹತ್ತಿರ ಹೋದರೆ ಹಾವು ಕಚ್ಚುವ ಅಪಾಯ ಜಾಸ್ತಿ.

ಯಾವ ಹಾವು ಅಂತ ಹೇಗೆ ಹೇಳುವುದು

ಫೋನಿನಲ್ಲಿ ಮರಾಠಿ ಹೆಸರು ಕೇಳುತ್ತಾರೆ, ನೆನಪಿಟ್ಟುಕೊಳ್ಳಿ. ನಾಗರಹಾವು ಅಂದರೆ ನಾಗ. ಕೊಳಕುಮಂಡಲ ಅಂದರೆ ಘೋಣಸ್: ದಪ್ಪ ಮೈ, ಬೆನ್ನ ಮೇಲೆ ಸರಪಳಿ ಹಾಗೆ ಸಾಲು ಚುಕ್ಕೆ, ಕೆಣಕಿದರೆ ಕುಕ್ಕರ್ ಸೀಟಿಯಂತೆ ಬುಸುಗುಟ್ಟುತ್ತದೆ. ಇದನ್ನು ಹೆಬ್ಬಾವಿನ ಮರಿ ಅಂದುಕೊಂಡು ಕೈ ಹಾಕಿದವರಿದ್ದಾರೆ. ಗರಗಸ ಮಂಡಲ ಅಂದರೆ ಫುರ್ಸೆ, ಚಿಕ್ಕದು, ಕಲ್ಲುನೆಲದಲ್ಲಿ ಇರುತ್ತದೆ. ಕೇರೆಹಾವು ಅಂದರೆ ಧಾಮಣ್, ವಿಷ ಇಲ್ಲ, ಇಲಿ ತಿಂದುಕೊಂಡು ಹೋಗುತ್ತದೆ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಕಟ್ಟುಹಾವಿಗೆ, ಇಲ್ಲಿಯವರ ಮಣ್ಯಾರ್‌ಗೆ. ಮಿರಮಿರ ಹೊಳೆಯುವ ಕಪ್ಪು ಮೈ, ಅದರ ಮೇಲೆ ತೆಳ್ಳನೆ ಬಿಳಿ ಗೆರೆಗಳು. ಗೆರೆಗಳು ಹೆಚ್ಚಾಗಿ ಜೋಡಿಜೋಡಿಯಾಗಿರುತ್ತವೆ, ಬಾಲದ ಕಡೆ ಎದ್ದು ಕಾಣುತ್ತವೆ, ತಲೆಯ ಹತ್ತಿರ ಮಸುಕು ಅಥವಾ ಇರುವುದೇ ಇಲ್ಲ. ವಿಷವಿಲ್ಲದ ತೋಳಹಾವು, ಮರಾಠಿಯ ಕವಡ್ಯಾ, ನೋಡಲು ಸುಮಾರು ಹೀಗೇ ಇದ್ದರೂ ಅದರ ಗೆರೆ ಕುತ್ತಿಗೆಯಿಂದಲೇ ಶುರುವಾಗಿ ಬಾಲದ ಕಡೆಗೆ ಮಾಸುತ್ತಾ ಹೋಗುತ್ತದೆ. ಆದರೆ ಇದನ್ನು ಓದಿ ಟಾರ್ಚ್ ಹಿಡಿದು ಗೆರೆ ಎಣಿಸಲು ಕೂರಬೇಡಿ. ಅನುಮಾನ ಬಂದರೆ ಮಣ್ಯಾರ್ ಅಂತಲೇ ತಿಳಿಯಿರಿ.

ಯಾಕಿಷ್ಟು ಹೇಳುತ್ತೇನೆ ಅಂದರೆ, ಈ ಹಾವು ಓಡಾಡುವುದು ರಾತ್ರಿ. ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬರುತ್ತದೆ, ನಿದ್ದೆಯಲ್ಲಿ ಹೊರಳಿದಾಗ ಕಚ್ಚುತ್ತದೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಊತ ಇಲ್ಲ, ಗುರುತು ಸೊಳ್ಳೆ ಕಚ್ಚಿದಷ್ಟು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಜೋತುಬೀಳುತ್ತದೆ, ಉಗುಳು ನುಂಗಲು ಆಗುವುದಿಲ್ಲ, ಮಾತು ತೊದಲುತ್ತದೆ, ಕೊನೆಗೆ ಉಸಿರು ಕಟ್ಟುತ್ತದೆ. ಹೊಟ್ಟೆನೋವು ಅಂತ ಸುಮ್ನೆ ಗ್ಯಾಸಿನ ಮಾತ್ರೆ ಕೊಟ್ಟು ಮಲಗಿಸಿದರೆ ಜೀವವೇ ಹೋಗಬಹುದು. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿ ಎದ್ದವರಿಗೆ ಹೊಟ್ಟೆನೋವಿನ ಜೊತೆ ಕಣ್ಣು ಭಾರವಾದರೆ ಮೊದಲು ಆಸ್ಪತ್ರೆ.

ಇದನ್ನು ತಡೆಯುವ ದಾರಿ ಬಹಳ ಅಗ್ಗ. ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಸುತ್ತಲೂ ಹಾಸಿಗೆಯ ಕೆಳಗೆ ಸಿಕ್ಕಿಸಿ. ಮಂಚ ಇದ್ದರೆ ಇನ್ನೂ ಒಳ್ಳೆಯದು. ಸೈಟಿನ ಗುತ್ತಿಗೆದಾರರು ಶೆಡ್ಡಿಗೆ ಇಷ್ಟಾದರೂ ಮಾಡಿಸಲೇಬೇಕು, ಇದು ದೊಡ್ಡ ಖರ್ಚಲ್ಲ. ರಾತ್ರಿ ಹೊರಗೆ ಹೋದರೆ ಟಾರ್ಚ್ ಮತ್ತು ಚಪ್ಪಲಿ ಇರಲಿ, ಬೆಳಗ್ಗೆ ಶೂ ಕೊಡವಿ ಹಾಕಿಕೊಳ್ಳಿ, ಇಟ್ಟಿಗೆ ರಾಶಿಗೆ ಬರಿಗೈ ಹಾಕಬೇಡಿ. ಬಾತ್‌ರೂಮ್ ಮೋರಿಗೆ ಜಾಲರಿ, ಬಾಗಿಲ ಕೆಳಗೆ ರಬ್ಬರ್ ಪಟ್ಟಿ. ಬೆಳ್ಳುಳ್ಳಿ ನೀರು, ಕಾರ್ಬಾಲಿಕ್ ಆಸಿಡ್ ಇವುಗಳಿಗೆ ದುಡ್ಡು ಹಾಕಬೇಡಿ.

ಕಚ್ಚಿಯೇ ಬಿಟ್ಟರೆ

ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಅನ್ನುವುದು ಸಂಶೋಧಕರ ಅಂದಾಜು. ಊರಿನ ಮಂತ್ರದವರಿಗೆ ಫೋನ್ ಮಾಡುವುದರಲ್ಲಿ, ಬೇರು ಅರೆಯುವುದರಲ್ಲಿ ಹೋಗುವ ಹೊತ್ತು ಮತ್ತೆ ಸಿಗುವುದಿಲ್ಲ.

ಕಚ್ಚಿಸಿಕೊಂಡವರನ್ನು ಕೂರಿಸಿ ಅಥವಾ ಮಲಗಿಸಿ, ನಡೆಸಬೇಡಿ. ಉಂಗುರ, ಬಳೆ, ಕಾಲುಂಗುರ, ಗೆಜ್ಜೆ ತಕ್ಷಣ ಬಿಚ್ಚಿ, ಆಮೇಲೆ ಊತ ಬಂದರೆ ಬಿಚ್ಚಲು ಬರುವುದಿಲ್ಲ. ಮೂಳೆ ಮುರಿದಾಗ ಕಟ್ಟುವಂತೆ ಕಚ್ಚಿದ ಕೈಗೋ ಕಾಲಿಗೋ ಮರದ ಪಟ್ಟಿ ಕೊಟ್ಟು ಸಡಿಲವಾಗಿ ಕಟ್ಟಿ, ಅಲ್ಲಾಡದಿದ್ದರೆ ಸಾಕು. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಬ್ಲೇಡಿನಲ್ಲಿ ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಐಸ್ ಇಡಬೇಡಿ. ಕಚ್ಚಿದ ಸಮಯ ಬರೆದುಕೊಳ್ಳಿ. 108ಕ್ಕೆ ಫೋನ್ ಮಾಡಿ. ಗಾಡಿ ತಡವಾಗುತ್ತದೆ ಅನ್ನಿಸಿದರೆ ರಿಕ್ಷಾ, ಅದೂ ಇಲ್ಲದಿದ್ದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊರಡಿ. ವಾಂತಿ ಇದ್ದರೆ ಎಡಕ್ಕೆ ಹೊರಳಿಸಿ ಮಲಗಿಸಿ. ಹಾವನ್ನು ಹಿಡಿದು ತರಬೇಡಿ, ದೂರದಿಂದ ತೆಗೆದ ಫೋಟೋ ಇದ್ದರೆ ಸಾಕು.

ಎಲ್ಲಿಗೆ? ವಿಷನಿರೋಧಕ ಔಷಧಿ ಮತ್ತು ವೆಂಟಿಲೇಟರ್ ಎರಡೂ ಇರುವ ಕಡೆಗೆ. ಪುಣೆಯ ಸಸೂನ್, ಪಿಂಪ್ರಿಯ ವೈಸಿಎಂ ಥರದ ದೊಡ್ಡ ಸರ್ಕಾರಿ ಆಸ್ಪತ್ರೆಗಳು ಮನಸ್ಸಿನಲ್ಲಿರಲಿ. ಹತ್ತಿರದ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ದಾರಿಯಲ್ಲೇ ಫೋನ್ ಮಾಡಿ ಈ ಎರಡೂ ಇವೆಯಾ ಕೇಳಿ. ಅಲ್ಲಿ ರಕ್ತ ತೆಗೆದು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಅಂತ ಅರ್ಥ. ಆ 20 ನಿಮಿಷ ಡಾಕ್ಟರು ಸುಮ್ನೆ ಕೂತಿದ್ದಾರೆ ಅಂತ ಜಗಳ ತೆಗೆಯಬೇಡಿ. ಮಗುವಿಗೂ ದೊಡ್ಡವರಷ್ಟೇ ಔಷಧಿ ಕೊಡುತ್ತಾರೆ, ಗಾಬರಿ ಬೇಡ. ಹಾವು ಮಗು ಅಂತ ವಿಷ ಕಡಿಮೆ ಬಿಟ್ಟಿರುವುದಿಲ್ಲ ಅಲ್ವಾ.

ಮನೆಗೆ ಬಂದ ಮೇಲೂ ಎರಡು ವಾರ ಗಮನ ಇರಲಿ. ಜ್ವರ, ಕೀಲುನೋವು, ಮೈ ತುರಿಕೆ ಶುರುವಾದರೆ ಅದು ಔಷಧಿಗೆ ಮೈ ಕೊಡುವ ಪ್ರತಿಕ್ರಿಯೆ ಇರಬಹುದು, ವಾಪಸ್ ಹೋಗಿ ತೋರಿಸಿ. ಕೊಳಕುಮಂಡಲ ಕಚ್ಚಿದ್ದರೆ ಮೂತ್ರ ಕಡಿಮೆಯಾಯಿತಾ ಅಂತ ದಿನವೂ ಕೇಳಿ, ಆ ವಿಷ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಕಡಿಮೆ ಅಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.