ಹಡಗಿನ ಹಲಗೆ ಬಿರುಕು ಬಿಟ್ಟಾಗ: ನನ್ನ ಅನುಭವ

1817ರಲ್ಲಿ ನಮ್ಮ ಮುಂಬೈಯಲ್ಲೇ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿದ ಟ್ರಿಂಕೋಮಲಿ ಹಡಗು ಈಗಲೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲಿದೆ. ಡೊಂಬಿವಲಿಯ ನನ್ನ ಮನೆಯಲ್ಲಿ ಕಟ್ಟಿದ ಅದರ ಮಾದರಿ ಮಾತ್ರ ಆರು ತಿಂಗಳಿಗೇ ಬಾಯಿ ಬಿಟ್ಟಿತು!

ಜುಲೈ ಮಳೆಯಲ್ಲಿ ಮಾದರಿಯ ಮೈಗೆ ಹಲಗೆಯಾಗಿ ತೆಳು ಮರದ ಪಟ್ಟಿಗಳನ್ನು ಅಂಟಿಸಿದ್ದೆ. ಮೂತಿಯ, ಅಂದ್ರೆ ಹಡಗಿನ ಮುಂತುದಿಯ, ಹತ್ತಿರ ಪಟ್ಟಿ ಬಗ್ಗಬೇಕಲ್ವಾ, ಅದಕ್ಕೆ ಬಿಸಿನೀರಲ್ಲಿ ನೆನೆಸಿ, ಬಗ್ಗಿಸಿ, ಒದ್ದೆ ಇರುವಾಗಲೇ ಫೆವಿಕಾಲ್ ಹಚ್ಚಿ ಕೂರಿಸಿಬಿಟ್ಟೆ. ಜನವರಿಗೆ ಪಟ್ಟಿಗಳ ನಡುವೆ ಉಗುರು ತೂರುವಷ್ಟು ಸಂದು.

ನಮ್ಮ ಊರ ಕಡೆಯ ಮರಗೆಲಸದ ಆಚಾರ್ರು ಒಬ್ಬರು ನೋಡಿ ನಕ್ಕರು. "ಎಂಥ ಮಾರಾಯ್ರೆ, ನೆನೆದ ಮರ ಉಬ್ಬಿರ್ತದೆ, ಒಣಗಿದ್ರೆ ಅಗಲ ಕಮ್ಮಿಯಾಗ್ತದೆ, ಅಷ್ಟೂ ಗೊತ್ತಿಲ್ವಾ?"

ಸಣ್ಣ ಸಂದಿಗೆ ಅದೇ ಮರದ ಪುಡಿಯನ್ನು ಗೋಂದಿನಲ್ಲಿ ಕಲಸಿ ತುಂಬಿ, ಉಜ್ಜಿದೆ. ಗೋಂದು ತಾಗಿದ ಕಡೆ ಬಣ್ಣದ ಪಾಲಿಶ್ ಹಿಡಿಯಲಿಲ್ಲ, ಮಚ್ಚೆ ಮಚ್ಚೆ. ದೊಡ್ಡ ಸಂದಿಗೆ ತೆಳು ಚಕ್ಕೆ ಕತ್ತರಿಸಿ ತೂರಿಸಿದೆ, ಅದು ಚೆನ್ನಾಗಿ ಕೂತಿತು. ಮೂತಿಯ ನಾಲ್ಕು ಪಟ್ಟಿ ಕಿತ್ತೇ ಹಾಕಬೇಕಾಯಿತು. ಈ ಸಲ ಹೊಸ ಪಟ್ಟಿ ನೆನೆಸಿ, ಬಗ್ಗಿಸಿ, ಬರೀ ಗುಂಡುಸೂಜಿ ಚುಚ್ಚಿ ಎರಡು ದಿನ ಫ್ಯಾನ್ ಕೆಳಗೆ ಬಿಟ್ಟು, ಪೂರ್ತಿ ಒಣಗಿದ ಮೇಲೆ ಅಂಟಿಸಿದೆ. ಮೊನ್ನೆಯ ಮೇ ಬಿಸಿಲಿಗೂ ಏನೂ ಆಗಿಲ್ಲ.