ಓದಿದ ಪುಸ್ತಕದ ಬಗ್ಗೆ ನಾಲ್ಕು ಮಾತು ಬರೆದಿಡುವುದು ಹೇಗೆ?

ಪುಸ್ತಕ ಮುಗಿದ ದಿನವೇ ಬರೆಯಿರಿ. ವಾರ ಬಿಟ್ಟರೆ ಕಥೆ ನೆನಪಿರುತ್ತದೆ, ಓದುವಾಗ ಆದ ಸಂಕಟ ಇರುವುದಿಲ್ಲ. ಕಥೆ ಪೂರ್ತಿ ಹೇಳಬೇಡಿ. ಯಾವ ಪುಟದಲ್ಲಿ ಪುಸ್ತಕ ಮುಚ್ಚಿ ಸುಮ್ನೆ ಕೂತಿರಿ, ಅದರ ನಂಬರ್ ಹಾಕಿ, ಯಾಕೆ ಅಂತ ಬರೆಯಿರಿ.

ತರಾಸು ಅವರ ‘ದುರ್ಗಾಸ್ತಮಾನ’ವನ್ನು ಈ ಮಳೆಗಾಲದಲ್ಲಿ ಮತ್ತೆ ಓದಿದೆ. 1779ರಲ್ಲಿ ಚಿತ್ರದುರ್ಗ ಹೈದರಾಲಿ ಕೈಸೇರಿತು ಅಂತ ನಮ್ಮೂರಿನ ಶಾಲೆ ಮಕ್ಕಳಿಗೂ ಗೊತ್ತು. ಆದರೂ ಕೊನೆಯ ಪುಟಗಳಲ್ಲಿ ಕೋಟೆ ಉಳಿಯಲಿ ಅಂತ ಮನಸ್ಸು ಬೇಡುತ್ತಿತ್ತು. ಮಾರನೇ ದಿನ ಬೆಳಿಗ್ಗೆ ಬೆಟ್ಟ ಹತ್ತಿದೆ. ಓಬವ್ವನ ಕಿಂಡಿಯ ತಣ್ಣನೆ ಕಲ್ಲು ಮುಟ್ಟಿ, ಅಲ್ಲೇ ಕೂತು ಬರೆದ ಎರಡು ಸಾಲೇ ನನ್ನ ಅಭಿಪ್ರಾಯ.

ಆತ್ಮಕಥೆ ಓದಿದರೆ ಬೇರೆ ಪ್ರಶ್ನೆ ಕೇಳಿಕೊಳ್ಳಿ. ಬರೆದವರು ತಮ್ಮ ತಪ್ಪನ್ನು ಎಲ್ಲಿ ಒಪ್ಪಿಕೊಂಡಿದ್ದಾರೆ? ಒಂದು ಕಡೆಯೂ ಸಿಗದಿದ್ದರೆ ಅದನ್ನೂ ಬರೆಯಬೇಕು, ಅಲ್ವಾ?